ಜಿಪ್ಸಿ ಹೆಡ್ಡರ್‌ಗೆ ಯಾವ ಪ್ಯಾಕಿಂಗ್? ಸ್ಟೀಲ್, ಗ್ರಾಫೈಟ್, ತಾಮ್ರ: ದೀರ್ಘ ಬಳಕೆಯ ವಿಮರ್ಶೆ

ಗಾಡಿ ಮಾರುತಿ ಜಿಪ್ಸಿ ಕಿಂಗ್. ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್, ಅಲ್ಯೂಮಿನಿಯಂ ಸಿಲಿಂಡರ್ ಹೆಡ್. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕಾರ್ಖಾನೆಯ ಮ್ಯಾನಿಫೋಲ್ಡ್ ತೆಗೆದು, ಆ ಜಾಗಕ್ಕೆ ಮೈಲ್ಡ್ ಸ್ಟೀಲಿನ 4-2-1 ಹೆಡ್ಡರ್ (ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗಿ ಸೇರುವಂಥದ್ದು) ಕೂರಿಸಿದೆ. ಓಡಾಟವೆಲ್ಲ ರ‍್ಯಾಲಿ ತಯಾರಿ ಮತ್ತು ಮಲೆನಾಡಿನ ಎಸ್ಟೇಟ್ ದಾರಿಗಳಲ್ಲಿ. ಮೊದಲೆರಡು ಗೇರಿನಲ್ಲೇ ಎಂಜಿನ್ ಕಿರುಚಿಸುವ ಏರು, ಅದರ ಬೆನ್ನಿಗೇ ತಣ್ಣೀರಿನ ಹಳ್ಳ. ಕಾದ ಫ್ಲೇಂಜನ್ನು, ಅಂದರೆ ಹೆಡ್ಡರನ್ನು ಹೆಡ್‌ಗೆ ಬಿಗಿಯುವ ಪ್ಲೇಟನ್ನು, ಸೊಟ್ಟ ಮಾಡಲು ಇಷ್ಟು ಸಾಕು. ಫ್ಲೇಂಜ್‌ಗೂ ಹೆಡ್‌ಗೂ ನಡುವೆ ಹೊಗೆ ಸೋರದಂತೆ ಹಾಕುವುದೇ ಪ್ಯಾಕಿಂಗ್. ಇದೇ ಹೆಡ್ಡರ್ ಮೇಲೆ ಮೂರು ಬಗೆಯ ಪ್ಯಾಕಿಂಗ್ ಸರದಿಯಂತೆ ದುಡಿದಿವೆ: ಪದರ ಪದರವಾದ ಸ್ಟೀಲಿನದು, ಗ್ರಾಫೈಟ್ ಹಾಳೆಯದು, ತಾಮ್ರದ್ದು. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವ ಕಾಗದದಂಥ ಫೈಬರ್ ಪ್ಯಾಕಿಂಗ್ ಇಲ್ಲಿ ಲೆಕ್ಕಕ್ಕಿಲ್ಲ. ಹೊಗೆ ಹೊರಬರುವ ಎರಡು ಪೋರ್ಟ್‌ಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಅದು ಸುಟ್ಟು ಉದುರುತ್ತದೆ, ಟ್ಯೂನ್ ಮಾಡಿದ ಎಂಜಿನ್‌ಗೆ ಅದನ್ನು ಹಾಕಲೇಬೇಡಿ.

ಪ್ಯಾಕಿಂಗ್ ಕೊಳ್ಳುವ ಮುಂಚೆ ಫ್ಲೇಂಜ್ ಅಳೆಯಿರಿ. ಸೋರಿಕೆಯ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ, ಬೈಗುಳ ತಿನ್ನುವುದು ಮಾತ್ರ ಪ್ಯಾಕಿಂಗ್. ಹೆಡ್ಡರ್ ಬಿಚ್ಚಿ, ಮುಖ ಒರೆಸಿ, ನಾಲ್ಕೂ ಪೋರ್ಟ್‌ಗೆ ಅಡ್ಡಲಾಗಿ ಸ್ಟೀಲಿನ ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ತೂರಿಸಿ. 0.10 ಮಿ.ಮೀ. ಎಲೆ ಹೋಗದಿದ್ದರೆ ಸ್ಟೀಲ್ ಪ್ಯಾಕಿಂಗ್ ಹಾಕಬಹುದು. 0.10ರಿಂದ 0.30ರ ತನಕ ಗ್ರಾಫೈಟ್ ಸುಧಾರಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ನೇರ ಸರ್ಫೇಸ್ ಗ್ರೈಂಡಿಂಗ್‌ಗೆ ಕಳಿಸಿ. ಹೆಡ್ ಕಡೆಯ ಮುಖಕ್ಕೂ ಇದೇ ಪರೀಕ್ಷೆ ಮಾಡಿ. ಹೆಚ್ಚಿನವರು ಆ ಕಡೆ ನೋಡುವುದೇ ಇಲ್ಲ.

ಸ್ಥಳೀಯವಾಗಿ ಮಾಡಿಸಿದ ಹೆಡ್ಡರ್‌ಗಳಲ್ಲಿ 6 ಮಿ.ಮೀ. ಪ್ಲೇಟಿನ ಫ್ಲೇಂಜ್ ಸಾಮಾನ್ಯ. ಪೈಪ್ ವೆಲ್ಡ್ ಆಗುತ್ತಿದ್ದಂತೆಯೇ ಅದು ಬಾಳೆಹಣ್ಣಿನಂತೆ ಬಾಗುತ್ತದೆ. 10 ಮಿ.ಮೀ. ಪ್ಲೇಟೇ ಬೇಕೆಂದು ಪಟ್ಟು ಹಿಡಿಯಿರಿ. ವೆಲ್ಡ್ ಮಾಡುವಾಗ ದಪ್ಪನೆಯ ಡಮ್ಮಿ ಪ್ಲೇಟಿಗೆ ಬೋಲ್ಟ್ ಬಿಗಿದು, ಪೂರ್ತಿ ಆರಿದ ಮೇಲೆ ಬಿಚ್ಚಿಸಿ, ಆಮೇಲೆ ಮುಖ ಗ್ರೈಂಡ್ ಮಾಡಿಸಿ. ಈ ಕ್ರಮ ತಪ್ಪಿದರೆ ಗ್ರೈಂಡಿಂಗ್ ಕಾಸು ದಂಡ.

ಇನ್ನೊಂದು ವಿಷಯ ಸ್ಟಡ್ (ಹೆಡ್‌ನಿಂದ ಚಾಚಿದ, ನಟ್ ಬಿಗಿಯುವ ಥ್ರೆಡ್ ಕಡ್ಡಿ) ತೂರುವ ರಂಧ್ರದ್ದು. 300 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್ ಫ್ಲೇಂಜ್ 400 ಡಿಗ್ರಿ ಹೆಚ್ಚು ಕಾದರೆ ಸುಮಾರು 1.4 ಮಿ.ಮೀ. ಉದ್ದವಾಗುತ್ತದೆ. ನೀರಿನಿಂದ ತಣಿಯುವ ಅಲ್ಯೂಮಿನಿಯಂ ಹೆಡ್ 80 ಡಿಗ್ರಿ ಏರಿದರೆ ಹಿಗ್ಗುವುದು 0.55 ಮಿ.ಮೀ. ಮಾತ್ರ. ಉಳಿದ ವ್ಯತ್ಯಾಸ ಎರಡು ತುದಿಗೆ ಹಂಚಿಕೊಂಡು ತಲಾ 0.4 ಮಿ.ಮೀ. ದಾಟುತ್ತದೆ. ಸ್ಟೇನ್‌ಲೆಸ್ ಫ್ಲೇಂಜ್ ಆದರೆ ಅದು 0.7ಕ್ಕೆ ಹತ್ತಿರ. ಎಂ8 (8 ಮಿ.ಮೀ.) ಸ್ಟಡ್‌ಗೆ 8.5 ಮಿ.ಮೀ. ರಂಧ್ರ ಕೊರೆದಿದ್ದರೆ ಸುತ್ತ ಸಿಗುವ ಜಾಗ ಬರೀ 0.25. ಹಿಗ್ಗಿದ ಫ್ಲೇಂಜ್ ತುದಿಯ ಸ್ಟಡ್ಡನ್ನು ತಳ್ಳುತ್ತದೆ, ತಣಿದಾಗ ಎಳೆಯುತ್ತದೆ, ಕೊನೆಗೊಂದು ದಿನ ಸ್ಟಡ್ ಕತ್ತರಿಸುತ್ತದೆ. ಮೊದಲು ಮುರಿಯುವುದು ತುದಿಯ ಸ್ಟಡ್ಡೇ ಏಕೆ ಎಂಬುದಕ್ಕೆ ಕಾರಣ ಇದು. ನಡುವಿನ ರಂಧ್ರಗಳನ್ನು 8.5ಕ್ಕೇ ಬಿಟ್ಟು ತುದಿಯವನ್ನು 9.5ರಿಂದ 10ಕ್ಕೆ ಉದ್ದುದ್ದಕ್ಕೆ ಅರದಿಂದ ಉಜ್ಜಿ, ದಪ್ಪ ವಾಷರ್ ಹಾಕಿ. ಪೋರ್ಟ್‌ಗಳ ನಡುವೆ ಫ್ಲೇಂಜನ್ನು ಗರಗಸದಿಂದ ಸೀಳುವುದೂ ಉಂಟು. ವೆಲ್ಡ್, ಗ್ರೈಂಡಿಂಗ್ ಎರಡೂ ಮುಗಿದ ಮೇಲೆ ಸೀಳಿದರೆ ಒಳ್ಳೆಯ ಉಪಾಯವೇ.

ಈಗ ಪ್ಯಾಕಿಂಗ್ ವಿಷಯಕ್ಕೆ. ಉಬ್ಬುಗೆರೆಯ ಸ್ಟೀಲ್ ಪದರದ್ದು ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಉಬ್ಬುಗೆರೆ ಸ್ಪ್ರಿಂಗಿನಂತೆ ಒತ್ತುತ್ತಲೇ ಇರುವುದರಿಂದ ಬಿಗಿತ ಬೇಗ ಇಳಿಯುವುದಿಲ್ಲ. ಆದರೆ ಮುಖದಲ್ಲಿ ಉಗುರಿಗೆ ತಾಗುವಂಥ ಗೀರಿದ್ದರೂ ಸೋರುತ್ತದೆ, ಒಮ್ಮೆ ಬಿಚ್ಚಿದರೆ ಮರುಬಳಕೆ ಇಲ್ಲ. ಫ್ಲೇಂಜ್ ಚಪ್ಪಟೆಯಾಗಿದ್ದರೆ ಐದಕ್ಕೆ ಐದು, ಇಲ್ಲದಿದ್ದರೆ ಎರಡು.

ಗ್ರಾಫೈಟ್ ಹಾಳೆ, ಅದರಲ್ಲೂ ನಡುವೆ ತೆಳು ಸ್ಟೀಲ್ ತಗಡು ಇರುವ 1.5 ಮಿ.ಮೀ. ಹಾಳೆ, ರ‍್ಯಾಲಿ ಗಾಡಿಗೆ ನಮ್ಮ ಆಯ್ಕೆ. ಅದು ಹಿಂಡಿಕೊಂಡು ಏರುತಗ್ಗನ್ನು ತುಂಬುತ್ತದೆ, ಫ್ಲೇಂಜ್ ಅತ್ತಿತ್ತ ಜಾರಲೂ ಬಿಡುತ್ತದೆ. ಇದರ ಶತ್ರು ಗಾಳಿ: ಬಯಲಲ್ಲಿ ಸುಮಾರು 450 ಡಿಗ್ರಿ ಮೀರಿದರೆ ಗ್ರಾಫೈಟ್ ನಿಧಾನಕ್ಕೆ ಉರಿದು ತೆಳ್ಳಗಾಗುತ್ತದೆ. ಫ್ಲೇಂಜ್‌ಗಳ ನಡುವೆ ಬಿಗಿಯಾಗಿ ಕೂತಿರುವಷ್ಟು ದಿನ ಅಂಚು ಮಾತ್ರ ಗಾಳಿಗೆ ಸಿಗುತ್ತದೆ, ಹಾಗಾಗಿ ಬಾಳಿಕೆ ಬರುತ್ತದೆ. ನಟ್ ಸಡಿಲಾಗಿ ಒಮ್ಮೆ ಸೋರಲು ಶುರುವಾಯಿತೆಂದರೆ ಅದೇ ಜಾಗ ದಿನದಿನಕ್ಕೂ ಹಿಗ್ಗುತ್ತದೆ. ಆಮೇಲೆ ಬಿಗಿದು ಉಪಯೋಗವಿಲ್ಲ, ಹೊಸದು ಹಾಕಲೇಬೇಕು. ಐದಕ್ಕೆ ನಾಲ್ಕು.

ತಾಮ್ರ ಪದೇ ಪದೇ ಹೆಡ್ಡರ್ ಬಿಚ್ಚುವವರಿಗೆ. 1.6 ಮಿ.ಮೀ. ತಗಡು ಸಾಕು. ಒತ್ತಡ, ಅದುರಾಟಕ್ಕೆ ಅದು ಗಡುಸಾಗುವುದರಿಂದ ಪ್ರತಿ ಸಲ ಹದ ಮಾಡಬೇಕು. ನೆರಳಿನಲ್ಲಿ ಗ್ಯಾಸ್ ಟಾರ್ಚ್ ಹಿಡಿದು ಮಬ್ಬು ಕೆಂಪು ಬರುವ ತನಕ ಕಾಯಿಸಿ ನೀರಿಗೆ ಹಾಕಿ. ಉಕ್ಕಿನಂತೆ ಇದು ನೀರಿಗೆ ಹಾಕಿದರೆ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ, ಮೇಲಿನ ಕಪ್ಪು ಹೊಪ್ಪಳೆಯೂ ಉದುರುತ್ತದೆ. ಮೊದಲ ಕೆಲವು ಬಿಸಿ-ತಣ್ಣನೆಯ ಸುತ್ತಿನಲ್ಲಿ ಬಿಗಿತ ಇಳಿಯುತ್ತದೆ, ಮರೆಯದೆ ಮರುಬಿಗಿಯಬೇಕು. ಅಷ್ಟು ತಾಳ್ಮೆ ಇಲ್ಲದವರು ತಾಮ್ರದ ತಂಟೆಗೆ ಹೋಗದಿರುವುದೇ ವಾಸಿ. ಐದಕ್ಕೆ ಮೂರು.

ಯಾವುದೇ ಬಗೆಯಾಗಲಿ, ಪ್ಯಾಕಿಂಗ್ ರಂಧ್ರ ಪೋರ್ಟ್‌ಗಿಂತ ಸುತ್ತಲೂ 1ರಿಂದ 1.5 ಮಿ.ಮೀ. ದೊಡ್ಡದಿರಲಿ. ಒಳಗೆ ಚಾಚಿದ ಅಂಚು ನೇರ ಜ್ವಾಲೆಗೆ ಸಿಕ್ಕಿ ಸುಡುತ್ತದೆ, ಆ ತಾಣದಿಂದಲೇ ಸೋರಿಕೆ ಶುರು. ಕೆಂಪು ಸಿಲಿಕೋನ್ ಪೇಸ್ಟ್ ಬಳಿಯುವ ಚಾಳಿ ಬಿಡಿ. ಅದರ ತಾಳಿಕೆ 340 ಡಿಗ್ರಿ ಆಸುಪಾಸಿಗೆ ಮುಗಿಯುತ್ತದೆ, ಏರಿನಲ್ಲಿ ದುಡಿಯುವ ಎಂಜಿನ್ನಿನ ಹೊಗೆ 800 ಡಿಗ್ರಿ ದಾಟಿರುತ್ತದೆ. ಗ್ರಾಫೈಟ್ ಮೇಲೆ ಬಳಿದರಂತೂ ಬಿಗಿಯುವಾಗ ಪ್ಯಾಕಿಂಗೇ ಜಾರುತ್ತದೆ. ಕೆಲವು ಪೇಸ್ಟ್‌ಗಳ ಆವಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಎಡ ಬಲ ಬದಲಿಸುತ್ತ, ಮೂರು ಸುತ್ತಿನಲ್ಲಿ: 8, 15, ಕೊನೆಗೆ 23 ನ್ಯೂಟನ್ ಮೀಟರ್. ಎಂ8ಗೆ ಇದಕ್ಕಿಂತ ಜೋರು ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಸ್ಟಡ್‌ಗೆ ನಿಕ್ಕಲ್ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿದ್ದರೆ ಘರ್ಷಣೆ ಕಡಿಮೆಯಾಗುವುದರಿಂದ 18ಕ್ಕೆ ನಿಲ್ಲಿಸಿ. ನಟ್ ತಾಮ್ರಲೇಪದ ಲಾಕ್ ನಟ್ ಆಗಿರಲಿ. ಸ್ಟೇನ್‌ಲೆಸ್ ಸ್ಟಡ್ ಮೇಲೆ ಸ್ಟೇನ್‌ಲೆಸ್ ನಟ್ ಹಾಕಿದರೆ ಎರಡೂ ಕಚ್ಚಿಕೊಂಡು ಮುಂದಿನ ಸಲ ಸ್ಟಡ್ ಸಮೇತ ಬರುತ್ತವೆ. ಮಾಮೂಲಿ ಸ್ಪ್ರಿಂಗ್ ವಾಷರ್ ಬಿಸಿಗೆ ಹದ ಕಳೆದುಕೊಂಡು ಚಪ್ಪಟೆ ಬಿಲ್ಲೆಯಾಗುತ್ತದೆ, ಅದನ್ನು ನಂಬಬೇಡಿ. ಮೊದಲ ಸಲ ಚೆನ್ನಾಗಿ ಕಾಯಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಅದೇ ಕ್ರಮದಲ್ಲಿ ಮತ್ತೊಮ್ಮೆ ಬಿಗಿಯಿರಿ. ಕಾದ ಹೆಡ್ ಮೇಲೆ ಸ್ಪ್ಯಾನರ್ ಇಡಲೇಬೇಡಿ.

ಇಷ್ಟೆಲ್ಲ ಮಾಡಿಯೂ ಸೈಲೆನ್ಸರ್ ಭಾರ ಹೆಡ್ಡರಿಗೇ ಜೋತುಬಿದ್ದಿದ್ದರೆ ಏನೂ ಉಳಿಯದು. ಎಂಜಿನ್ ಅದರ ಮೌಂಟಿನ ಮೇಲೆ ಹೊರಳುತ್ತದೆ, ಪೈಪ್ ಷಾಸಿಗೆ ಕಟ್ಟಿರುತ್ತದೆ. ನಡುವೆ ಫ್ಲೆಕ್ಸ್ ಬೆಲ್ಲೋಸ್ (ಬಾಗುವ ಪೈಪ್ ತುಂಡು) ಇಲ್ಲದಿದ್ದರೆ ಆ ಹೊರಳಾಟವೆಲ್ಲ ಪ್ಯಾಕಿಂಗ್ ಪಾಲಿಗೆ.

ಸೋರಿಕೆ ಪತ್ತೆಗೆ ಒಳ್ಳೆಯ ಹೊತ್ತು ಬೆಳಗಿನ ಮೊದಲ ಸ್ಟಾರ್ಟ್. ಕಾದ ಮೇಲೆ ಫ್ಲೇಂಜ್ ಹಿಗ್ಗಿ ಸಣ್ಣ ಸಂದು ತಾನಾಗಿ ಮುಚ್ಚಿಕೊಳ್ಳುವುದುಂಟು. ಟಕ್ ಟಕ್ ಸದ್ದು ಟ್ಯಾಪೆಟ್‌ದೋ ಪ್ಯಾಕಿಂಗ್‌ದೋ ಎಂಬ ಅನುಮಾನ ಬಂದರೆ, ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಿ. ಸೋರುವ ಸಿಲಿಂಡರ್ ಉರಿಯುವುದು ನಿಂತೊಡನೆ ಸದ್ದು ಕುಗ್ಗುತ್ತದೆ, ಟ್ಯಾಪೆಟ್ ಸದ್ದು ಹಾಗೇ ಇರುತ್ತದೆ. ಎಂಜಿನ್ ನಿಲ್ಲಿಸಿ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು, ಸುತ್ತ ಬಟ್ಟೆ ತುರುಕಿ, ಫ್ಲೇಂಜ್‌ಗೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಜಾಗ ತೋರಿಸುತ್ತದೆ. ಆದರೆ ಗುಳ್ಳೆ ಪೈಪಿನ ವೆಲ್ಡ್ ಬುಡದಿಂದ ಬರುತ್ತಿದೆಯೇ ನೋಡಿಕೊಳ್ಳಿ. ಅಲ್ಲಿನ ಕೂದಲೆಳೆ ಬಿರುಕು ಪ್ಯಾಕಿಂಗ್ ಸೋರಿಕೆಯಂತೆಯೇ ಕೇಳಿಸುತ್ತದೆ.

ಸದ್ದು ಸಣ್ಣದೆಂದು ಬಿಡುವಂತಿಲ್ಲ. ಹೊಗೆಯ ಒಂದು ಏಟಿಗೂ ಮುಂದಿನದಕ್ಕೂ ನಡುವೆ ಪೈಪಿನಲ್ಲಿ ಒತ್ತಡ ಇಳಿದು, ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಸೆನ್ಸರ್ ಪೆಟ್ರೋಲ್ ಸಾಲದೆಂದು ಸುಳ್ಳು ವರದಿ ಕೊಡುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಅಳತೆಗೆ ಇಸಿಯು ಮಾಡುವ ತಿದ್ದುಪಡಿ) ಐಡಲ್‌ನಲ್ಲಿ ಹೆಚ್ಚಿದ್ದು ವೇಗದಲ್ಲಿ ಸರಿಹೋದರೆ, ಇನ್‌ಟೇಕ್ ಕಡೆಯ ಸೋರಿಕೆಯ ಜೊತೆಗೆ ಇದನ್ನೂ ಅನುಮಾನಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಪ್ಯಾಕಿಂಗ್ ತರಲು ಹೋಗುವಾಗ ಹೆಡ್ಡರನ್ನೇ ಒಯ್ಯಿರಿ, ಆಗದಿದ್ದರೆ ಫ್ಲೇಂಜ್ ಮುಖಕ್ಕೆ ಮಸಿ ಹಚ್ಚಿ ರಟ್ಟಿನ ಮೇಲೆ ಅಚ್ಚು ತೆಗೆದುಕೊಳ್ಳಿ. ಗ್ರಾಫೈಟ್ ಕತ್ತರಿಸಿಕೊಂಡರೆ ಒಂದು ಹೆಚ್ಚುವರಿ ಇರಲಿ, ಎರಡು ಪ್ಲೈವುಡ್ ತುಂಡಿನ ನಡುವೆ ಚಪ್ಪಟೆಯಾಗಿ ಇಡಿ. ಮಡಿಸಿ ಡ್ಯಾಶ್‌ಬೋರ್ಡ್‌ಗೆ ತುರುಕಿದ ಹಾಳೆ ಮಡಿಕೆಯಲ್ಲೇ ಬಿರಿದು, ಹಾಕಿದ ದಿನವೇ ಸೋರುತ್ತದೆ.