ಎರಡು ಭೇಟಿಗಳ ನಡುವೆಯೂ ವಿಚಾರಿಸಿಕೊಳ್ಳುವ ಬಿಪಿ ಕ್ಲಿನಿಕ್

ಬಿಪಿಗೆ ಮಾತ್ರೆ ಬರೆದುಕೊಡುವ ಕ್ಲಿನಿಕ್ಕುಗಳು ಬೇಕಾದಷ್ಟಿವೆ. ಆ ಮಾತ್ರೆಯನ್ನು ರೋಗಿ ನಿಜವಾಗಿ ನುಂಗುತ್ತಿದ್ದಾರೆಯೇ, ಬಿಟ್ಟಿದ್ದರೆ ಏಕೆ ಬಿಟ್ಟರು ಎಂದು ವಿಚಾರಿಸುವವು ಕಡಿಮೆ. ನಮ್ಮ ತಂದೆಯವರು ಚಿಕಿತ್ಸೆ ಪಡೆಯುತ್ತಿರುವ ಕ್ಲಿನಿಕ್ಕನ್ನು ನಾನು ಮೆಚ್ಚುವುದು ಮುಖ್ಯವಾಗಿ ಈ ವಿಚಾರಣೆಗಾಗಿ.

ಇಲ್ಲಿ ಬಂದ ಕೂಡಲೇ ತೋಳಿಗೆ ಪಟ್ಟಿ ಸುತ್ತುವುದಿಲ್ಲ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿಸಿ, ಮಾತನಾಡಿಸದೆ ಐದು ನಿಮಿಷ ಕೂರಿಸುತ್ತಾರೆ. ಆಮೇಲೆ ತೋಳನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿರಿಸಿ, ಅದರ ಸುತ್ತಳತೆಗೆ ಹೊಂದುವ ಪಟ್ಟಿಯನ್ನೇ ಆರಿಸುತ್ತಾರೆ, ಏಕೆಂದರೆ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಯಂತ್ರ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ವೈದ್ಯರ ಎದುರು ಕುಳಿತಾಗ ಮಾತ್ರ ಬಿಪಿ ಏರುವವರೂ ಇರುವುದರಿಂದ ಮನೆಯಲ್ಲಿ ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ ನೋಡಿ ಬರೆದಿಡಲು ಹೇಳುತ್ತಾರೆ. ಕ್ಲಿನಿಕ್ಕಿನಲ್ಲಿ 140/90 ಮುಟ್ಟಿದರೆ ಹೆಚ್ಚೆನ್ನುವಂತೆ ಮನೆಯ ಸರಾಸರಿ 135/85 ಮುಟ್ಟಿದರೂ ಹೆಚ್ಚೇ ಎಂಬುದನ್ನು ಬಿಡಿಸಿ ಹೇಳಿದರು.

ಸೇವೆಯ ನಿಜವಾದ ಬೆಲೆ ತಿಳಿದದ್ದು ಮಾತ್ರೆಯ ವಿಷಯದಲ್ಲಿ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಆರಂಭಿಸಿದ ಮೇಲೆ ತಂದೆಯವರ ಪಾದದ ಗಂಟು ಊದಿಕೊಳ್ಳತೊಡಗಿತ್ತು. ಅವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಫೋನ್ ಮಾಡಿದ ನರ್ಸ್, "ಸರ್, ಮಾತ್ರೆ ತಪ್ಪಿದ ದಿನಗಳಿದ್ದರೆ ಸಂಕೋಚವಿಲ್ಲದೆ ಹೇಳಿ, ತೊಂದರೆ ಮಾತ್ರೆಯಿಂದಲೂ ಆಗಿರಬಹುದು" ಎಂದಾಗ, ಮನೆಯವರಿಗೂ ಹೇಳದ್ದನ್ನು ಅವರಿಗೆ ಹೇಳಿದರು. ವೈದ್ಯರು ಆಮ್ಲೋಡಿಪಿನ್ ಪ್ರಮಾಣ ಇಳಿಸಿ ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಔಷಧ ಸೇರಿಸಿದರು, ಎರಡು ವಾರದೊಳಗೆ ರಕ್ತದಲ್ಲಿನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಸೂಚಕ) ಹಾಗೂ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದರು. ಒಂದೇ ಔಷಧದ ಪ್ರಮಾಣವನ್ನು ಏರಿಸುತ್ತಾ ಹೋಗುವುದಕ್ಕಿಂತ ಎರಡನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದು ಸಾಮಾನ್ಯವಾಗಿ ಹೆಚ್ಚು ಫಲಕಾರಿ, ಅಡ್ಡಪರಿಣಾಮವೂ ಕಡಿಮೆ. ಊತ ಇಳಿಯಿತು, ಮಾತ್ರೆ ನಿಂತಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸಬಲ್ಲವಾದ್ದರಿಂದ ಪ್ರತಿ ಸಲವೂ ಅವುಗಳ ಬಗ್ಗೆ ಕೇಳುತ್ತಾರೆ.

ಜೀವನಶೈಲಿಯ ಸಲಹೆ ಈ ಮಟ್ಟಕ್ಕಿಲ್ಲ ಎಂಬುದು ನನ್ನ ಬೇಸರ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ವಾರಕ್ಕೆ 150 ನಿಮಿಷ ಚುರುಕು ನಡಿಗೆ, ತಂಬಾಕು ಬೇಡ, ಮದ್ಯ ಬೇಡ ಎಂಬ ಅಚ್ಚು ಹಾಕಿದ ಒಂದೇ ಹಾಳೆ ಎಲ್ಲರ ಕೈಗೂ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮೊಣಕಾಲು ನೋವಿರುವವರು ನಡಿಗೆಗೆ ಬದಲಾಗಿ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಅಡುಗೆ ಮಾಡುವವರನ್ನು ಕರೆದು ಮಾತನಾಡುವ ಏರ್ಪಾಡೂ ಇಲ್ಲ. ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ, ಟೆಲ್ಮಿಸಾರ್ಟಾನ್‌ನಂಥ ಔಷಧ ತೆಗೆದುಕೊಳ್ಳುವವರಲ್ಲಿ ಅದು ರಕ್ತದ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಈ ಎಚ್ಚರಿಕೆ ಹಾಳೆಯ ಮೊದಲ ಸಾಲಿನಲ್ಲೇ ಇರಬೇಕಿತ್ತು. ಲಿಖಿತವಾಗಿ ತಿಳಿಸಿದ್ದೇನೆ, ಹಾಳೆ ಇನ್ನೂ ಬದಲಾಗಿಲ್ಲ.

ಫೋನ್ ನೆರವು ಕೆಲಸದ ವೇಳೆಯಲ್ಲಿ ಮಾತ್ರ ಸಿಗುತ್ತದೆ. ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರದೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕೆಂದು ದಾಖಲೆ ಪುಸ್ತಕದ ರಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಮುದ್ರಿಸಿಕೊಟ್ಟಿದ್ದಾರೆ.