ಪಂಪು ನಿಂತರೂ ನೀರು ನಿಲ್ಲುವುದಿಲ್ಲ: ಮೀನಿನ ಟ್ಯಾಂಕ್ ಇರುವ ಮನೆಯವರು ಓದಿ

ಮನೆಯಲ್ಲಿ ಮೀನಿನ ಟ್ಯಾಂಕ್ ಇದೆಯಾ? ನೀರು ಬದಲಾಯಿಸಲು ಸಣ್ಣ ಪಂಪು ಬಳಸುತ್ತಿದ್ದೀರಾ? ಅಥವಾ ಬಕೆಟ್ ಹೊತ್ತು ಸಾಕಾಗಿ ಒಂದು ಪಂಪು ತರೋಣ ಅಂತ ಯೋಚಿಸುತ್ತಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಜನವರಿಯಲ್ಲಿ ನಮ್ಮ ಮನೆಯಲ್ಲಿ ಎರಡು ಮೀನು ಸತ್ತವು. ಅಮ್ಮನಿಗೆ ಕರೆಂಟ್ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಮೂರು ತಿಂಗಳಾದರೂ ಆ ಭಾನುವಾರ ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಹಳೇ ಮನೆ. ಹಾಲ್‌ಗೆ ಕೆಂಪು ನೆಲ. ಕಿಟಕಿ ಪಕ್ಕ ಎರಡೂವರೆ ಅಡಿ ಎತ್ತರದ ಸ್ಟ್ಯಾಂಡ್ ಮೇಲೆ ಟ್ಯಾಂಕ್. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದರೆ ಸುಮಾರು 160 ಲೀಟರ್ ಹಿಡಿಯುತ್ತದೆ. ಅದರಲ್ಲಿ ನಾಲ್ಕು ಏಂಜಲ್, ಒಂದು ಸಕ್ಕರ್, ಹತ್ತು ಹನ್ನೆರಡು ಟೆಟ್ರಾ. ಏಂಜಲ್‌ಗಳನ್ನು ತಂದಾಗ ಐದು ರೂಪಾಯಿ ನಾಣ್ಯದಷ್ಟಿದ್ದವು. ಮೂರು ವರ್ಷದಲ್ಲಿ ಅಂಗೈಯಷ್ಟು ಬೆಳೆದಿದ್ದವು. ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಹಾಲ್‌ಗೆ ಬಂದರೆ ಸಾಕು, ನಾಲ್ಕೂ ಗಾಜಿನ ಹತ್ತಿರ ಬಂದು ಸಾಲಾಗಿ ನಿಲ್ಲುತ್ತಿದ್ದವು.

ವಾರಕ್ಕೊಮ್ಮೆ 60 ಲೀಟರ್ ನೀರು ಬದಲಾಯಿಸುತ್ತಿದ್ದೆ. 15 ಲೀಟರಿನ ಬಕೆಟ್‌ನಲ್ಲಿ ನಾಲ್ಕು ಸಲ ಹೊರಗೆ, ನಾಲ್ಕು ಸಲ ಒಳಗೆ. ಎದೆಯ ಎತ್ತರಕ್ಕೆ ಎತ್ತಿ ಸುರಿಯಬೇಕು. ನನಗೆ ಸೊಂಟ ನೋವು ಶುರುವಾದ ಮೇಲೆ ಪಂಪಿನ ಯೋಚನೆ ಬಂತು. ಒಂದು ಅಂಗಡಿಯಲ್ಲಿ 18 ವ್ಯಾಟ್‌ನ ಕೂಲರ್ ಪಂಪು ಕೊಟ್ಟರು. "ಇಡೀ ಮೈಸೂರಿನಲ್ಲಿ ಮೀನು ಸಾಕೋರೆಲ್ಲ ಇದನ್ನೇ ಬಳಸೋದು ಸಾರ್, ಏನೂ ಆಗಲ್ಲ" ಅಂದರು. ಎರಡು ಪಿನ್ನಿನ ಪ್ಲಗ್, ಒಂದು ಮೀಟರ್ ವೈರ್. ವೈರ್ ಸಾಲದೆ ಇನ್ನೊಂದು ತುಂಡು ಸೇರಿಸಿ ಟೇಪು ಸುತ್ತಿದೆ. ಆಗ ಅದು ತಪ್ಪು ಅಂತಲೇ ಅನಿಸಲಿಲ್ಲ.

ಕೆಲಸ ಮಾತ್ರ ಬಹಳ ಸುಲಭವಾಯಿತು. ಹಿಂದಿನ ದಿನವೇ ಟ್ಯಾಂಕ್ ಪಕ್ಕ ಒಂದು ನೀಲಿ ಡ್ರಮ್ಮಿನಲ್ಲಿ 60 ಲೀಟರ್ ನೀರು ಹಿಡಿದು ಇಡುತ್ತಿದ್ದೆ. ಭಾನುವಾರ ಹಳೇ ನೀರು ತೆಗೆದು, ಪಂಪನ್ನು ಡ್ರಮ್ಮಿಗೆ ಇಳಿಸಿ ಸ್ವಿಚ್ ಹಾಕಿದರೆ ಹತ್ತು ಹನ್ನೆರಡು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತಿತ್ತು. ನೀರು ಮೇಲಿಂದ ಬಿದ್ದು ಸದ್ದಾಗದಿರಲಿ, ಮೀನು ಹೆದರದಿರಲಿ ಅಂತ ಪೈಪಿನ ತುದಿಯನ್ನು ಟ್ಯಾಂಕಿನ ತಳದವರೆಗೆ ಇಳಿಸಿ ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟಿಸಿದ್ದೆ. ಇದೊಂದನ್ನು ನೆನಪಿಟ್ಟುಕೊಳ್ಳಿ. ಎಲ್ಲ ಶುರುವಾಗಿದ್ದು ಇಲ್ಲಿಂದ.

ಏಳೆಂಟು ವಾರ ಚೆನ್ನಾಗಿಯೇ ನಡೆಯಿತು. ಆ ಭಾನುವಾರವೂ ಬೆಳಿಗ್ಗೆ 60 ಲೀಟರ್ ತೆಗೆದು, ಪಂಪು ಹಾಕಿ, ಬರುವಷ್ಟರಲ್ಲಿ ತುಂಬಿರುತ್ತದೆ ಅಂದುಕೊಂಡು ಸೊಪ್ಪು ತರಲು ಹೊರಟೆ. ನಾನು ಬೀದಿ ತಿರುವು ದಾಟುವ ಹೊತ್ತಿಗೆ ಕರೆಂಟ್ ಹೋಗಿದೆ. ಸೊಪ್ಪಿನ ಗಾಡಿಯವರ ಹತ್ತಿರ ನಿಂತಿದ್ದ ನನಗೆ ಅದು ಗೊತ್ತಾಗಲಿಲ್ಲ.

ಪಂಪು ನಿಂತರೆ ನೀರೂ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ನಿಲ್ಲುವುದಿಲ್ಲ. ಹಿಂದೆ ಸೀಮೆಎಣ್ಣೆ ಡಬ್ಬಕ್ಕೆ ಪೈಪು ಹಾಕಿ, ಬಾಯಿಂದ ಒಮ್ಮೆ ಎಳೆದು ಕೆಳಗೆ ಬಿಟ್ಟರೆ ಎಣ್ಣೆ ತಾನಾಗಿ ಇಳಿಯುತ್ತಿತ್ತು. ಇದೂ ಅದೇ, ಇದಕ್ಕೆ ಸೈಫನ್ ಅನ್ನುತ್ತಾರೆ. ಪೈಪಿನ ತುಂಬ ನೀರಿದೆ. ಒಂದು ತುದಿ ಮೇಲಿನ ಟ್ಯಾಂಕಿನ ನೀರಿನೊಳಗೆ ಮುಳುಗಿದೆ. ಇನ್ನೊಂದು ತುದಿ ಕೆಳಗಿನ ಡ್ರಮ್ಮಿನಲ್ಲಿದೆ. ಈ ಸಣ್ಣ ಪಂಪುಗಳ ಒಳಗೆ ನೀರನ್ನು ತಡೆಯುವ ಬಾಗಿಲು ಇರುವುದಿಲ್ಲ. ತಿರುಗುವುದು ನಿಂತ ಕೂಡಲೇ ಅದೇ ದಾರಿಯಲ್ಲಿ ನೀರು ವಾಪಸ್ ಹೊರಡುತ್ತದೆ. ಪೈಪಿನ ತುದಿಗೆ ಗಾಳಿ ಸಿಗುವವರೆಗೂ ಬಿಡುವುದಿಲ್ಲ. ನನ್ನ ಪೈಪಿನ ತುದಿ ಇದ್ದದ್ದು ಜಲ್ಲಿಗಿಂತ ಎರಡು ಬೆರಳು ಮೇಲೆ.

ಮೊದಲು ಡ್ರಮ್ ತುಂಬಿದೆ. ಆಮೇಲೆ ಉಕ್ಕಿ ಹಾಲ್‌ಗೆ ಹರಿದಿದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ, 70 ಲೀಟರಿಗಿಂತ ಕಡಿಮೆ ಇರಲಿಲ್ಲ. ಟ್ಯಾಂಕಿನಲ್ಲಿ ಉಳಿದದ್ದು ಮೂರ್ನಾಲ್ಕು ಬೆರಳಿನಷ್ಟು ನೀರು. ಏಂಜಲ್ ಚಪ್ಪಟೆ ಮೀನು, ಎತ್ತರ ಜಾಸ್ತಿ. ಅಷ್ಟು ನೀರಿನಲ್ಲಿ ಅದಕ್ಕೆ ನಿಲ್ಲಲಿಕ್ಕೇ ಆಗುವುದಿಲ್ಲ. ನಾಲ್ಕೂ ಮಗ್ಗುಲಾಗಿ ಬಿದ್ದಿದ್ದವು.

ಇಷ್ಟೇ ಆಗಿದ್ದರೆ ನೆಲ ಒರೆಸಿ, ನೀರು ತುಂಬಿ ಸುಮ್ಮನಾಗುತ್ತಿದ್ದೆನೋ ಏನೋ. ಅರ್ಧ ಗಂಟೆ ಬಿಟ್ಟು ಕರೆಂಟ್ ವಾಪಸ್ ಬಂತು.

ಚಳಿಗಾಲವಾದ್ದರಿಂದ ಟ್ಯಾಂಕಿನಲ್ಲಿ 150 ವ್ಯಾಟ್‌ನ ಗಾಜಿನ ಹೀಟರ್ ಇತ್ತು. ಅದರ ಸ್ವಿಚ್ ನಾನು ಆರಿಸಿರಲಿಲ್ಲ. ಪಂಪು, ಹೀಟರ್ ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದವು. ಕರೆಂಟ್ ಬಂದ ಕೂಡಲೇ ಹೀಟರ್ ನೀರಿಲ್ಲದೆ, ಬರೀ ಗಾಳಿಯಲ್ಲಿ ಕಾಯತೊಡಗಿದೆ. ಪಂಪೂ ತಿರುಗತೊಡಗಿದೆ. ಡ್ರಮ್ಮಿನ ತಣ್ಣೀರು ಮೇಲೇರಿ ಕಾದ ಗಾಜಿಗೆ ತಾಗಿದೆ. ಗಾಜು ಅಡ್ಡಡ್ಡ ಸೀಳಿ, ಒಳಗಿನ ತಂತಿ ನೇರವಾಗಿ ನೀರಿಗೆ ಸೇರಿದೆ. ಅಂದರೆ ಇಡೀ ಟ್ಯಾಂಕಿನ ನೀರಿಗೆ ಕರೆಂಟ್.

ಅಮ್ಮ ಪೂಜೆ ಮುಗಿಸಿ ಹಾಲ್‌ಗೆ ಬಂದಿದ್ದು ಆ ಹೊತ್ತಿಗೆ. ಬರಿಗಾಲು. ನೆಲದ ತುಂಬ ನೀರು. ಟ್ಯಾಂಕಿನಲ್ಲಿ ಮೀನುಗಳು ಒದ್ದಾಡುತ್ತಿವೆ. ಯಾರಾದರೂ ಏನು ಮಾಡುತ್ತಾರೆ? ಅಡುಗೆಮನೆಯಿಂದ ಪಾತ್ರೆ ತಂದು, ಮೀನುಗಳನ್ನು ಎತ್ತಿ ಅದಕ್ಕೆ ಹಾಕೋಣ ಅಂತ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದ್ದಾರೆ.

ನಮ್ಮ ಮೇಲಿನ ಮನೆಯಲ್ಲಿರುವವರು ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಹೊಸಿಲು ದಾಟಿ ಮೆಟ್ಟಿಲ ಹತ್ತಿರ ನೀರು ಬಂದಿದ್ದನ್ನು ಕಂಡು ಒಳಗೆ ಇಣುಕಿದ್ದಾರೆ. "ಅಮ್ಮಾ, ಕೈ ಹಾಕ್ಬೇಡಿ! ಹಿಂದಕ್ಕೆ ಬನ್ನಿ!" ಅಂತ ಕೂಗಿ, ಹೊರಗಿನ ಮೀಟರ್ ಬೋರ್ಡಿಗೆ ಓಡಿ ಮೇನ್ ಇಳಿಸಿದ್ದಾರೆ. ನಾನು ಸೊಪ್ಪಿನ ಚೀಲ ಹಿಡಿದು ಬಂದಾಗ ಅಮ್ಮ ಪಾತ್ರೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಮೀನು ಸಾಯ್ತಾ ಇದ್ದಾವೆ ಕಣೋ, ಇವರು ಮುಟ್ಟೋಕೇ ಬಿಡ್ತಿಲ್ಲ" ಅಂದರು. ಏನು ತಪ್ಪಿತು ಅಂತ ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ನನಗೂ ಅರ್ಥವಾಗಿರಲಿಲ್ಲ. ಮೇಲಿನ ಮನೆಯವರು ಎಲ್ಲರನ್ನೂ ದೂರ ನಿಲ್ಲಿಸಿ, ಒಂದು ಕ್ಷಣ ಮೇನ್ ಹಾಕಿಸಿ, ಟೆಸ್ಟರ್ ತುದಿಯನ್ನು ಟ್ಯಾಂಕಿನ ನೀರಿಗೆ ತಾಗಿಸಿ ತೋರಿಸಿದರು. ಟೆಸ್ಟರ್ ಹತ್ತಿತು. (ಇದನ್ನು ನೀವು ಮಾಡಬೇಡಿ. ಅವರದು ಜೀವಮಾನದ ಕೆಲಸ.) "ನೋಡಪ್ಪ, ನಿಮ್ಮ ಬೋರ್ಡಿನಲ್ಲಿ ಎಂಸಿಬಿ ಇದೆ, ಆರ್‌ಸಿಸಿಬಿ ಇಲ್ಲ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಥರದ ಹಳೇ ಮನೆಗಳಲ್ಲಿ ತುಂಬ ಜನ ಎಂಸಿಬಿ ಇದೆಯಲ್ಲ ಅಂತ ಧೈರ್ಯವಾಗಿದ್ದಾರೆ. ಎರಡೂ ಬೋರ್ಡಿನಲ್ಲಿರುವ, ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್‌ಗಳು. ಎಂಸಿಬಿ ಬೀಳುವುದು ಲೋಡ್ ಜಾಸ್ತಿಯಾದಾಗ ಅಥವಾ ಶಾರ್ಟ್ ಆದಾಗ. 6 ಆಂಪಿಯರ್, 16 ಆಂಪಿಯರ್ ಲೆಕ್ಕ ಅದರದು. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲು ಸಾಕು. ಅಷ್ಟು ಮೈಮೇಲೆ ಹರಿದರೆ ಎಂಸಿಬಿಗೆ ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ ನೋಡುವುದು ಬೇರೆ ಲೆಕ್ಕ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ. ಎಲ್ಲೋ ಸೋರಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ನಾವು ಮಾರನೇ ದಿನವೇ ಹಾಕಿಸಿದೆವು. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದಾ ಅಂತ ನೋಡುತ್ತೇನೆ. ಮೀನಿನ ಟ್ಯಾಂಕ್ ಇರುವ ಮನೆಯಲ್ಲಿ ಇದು ಇರಲೇಬೇಕು. ಬೇರೆ ಎಲ್ಲ ಸಲಹೆ ಬಿಟ್ಟರೂ ಇದನ್ನು ಬಿಡಬೇಡಿ.

ಇನ್ನು ಮೀನುಗಳ ವಿಷಯ. ಎರಡು ಏಂಜಲ್ ಸತ್ತಿದ್ದು ನೀರು ಖಾಲಿಯಾಗಿದ್ದರಿಂದ ಅಲ್ಲ. ಅದು ನಾನು ಆಮೇಲೆ ಮಾಡಿದ ತಪ್ಪಿನಿಂದ.

ಪ್ಲಗ್‌ಗಳನ್ನೆಲ್ಲ ಕಿತ್ತ ಮೇಲೆ ನೋಡಿದರೆ ಎಲ್ಲಾ ಮೀನಿಗೂ ಜೀವ ಇತ್ತು. ಬೇಗ ನೀರು ತುಂಬಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಅಂದು ನೀರು ಬಿಡುವ ದಿನ. ನಲ್ಲಿಗೇ ಪೈಪು ಸಿಕ್ಕಿಸಿ ನೇರವಾಗಿ ಟ್ಯಾಂಕಿಗೆ ಬಿಟ್ಟೆ. ಐದಾರು ನಿಮಿಷಕ್ಕೆ ಮುಕ್ಕಾಲು ಟ್ಯಾಂಕ್ ಆಯಿತು. ಮೀನುಗಳು ಎದ್ದು ಈಜಿದವು. ಉಳಿದವು ಅಂದುಕೊಂಡೆ.

ಮೈಸೂರಿಗೆ ಬರುವ ಕಾವೇರಿ, ಕಬಿನಿ ನೀರನ್ನು ಶುದ್ಧ ಮಾಡಿ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಹಾಕಲೇಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಭಾರತೀಯ ಮಾನಕವೇ ಹೇಳುತ್ತದೆ. ನಮಗೆ ಅದು ರಕ್ಷಣೆ. ಮೀನಿಗೆ ಅದೇ ವಿಷ. ಅಷ್ಟೇ ಇದ್ದರೂ ಕಿವಿರು ಸುಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಆಗ ನೆನಪಾಗಿ ಕ್ಲೋರಿನ್ ತೆಗೆಯುವ ಔಷಧಿ ಹಾಕಿದೆ. ತಡವಾಗಿತ್ತು. ಸೋಮವಾರ ಬೆಳಿಗ್ಗೆ ದೊಡ್ಡ ಎರಡು ಏಂಜಲ್ ತೇಲುತ್ತಿದ್ದವು. ಅಮ್ಮ ಅವನ್ನು ದಾಸವಾಳದ ಗಿಡದ ಬುಡದಲ್ಲಿ ಹೂತರು. ಆ ವಾರವೆಲ್ಲ ಟ್ಯಾಂಕಿನ ಕಡೆ ಕಾಫಿ ತೆಗೆದುಕೊಂಡು ಬರಲಿಲ್ಲ.

ಬಕೆಟ್‌ನಲ್ಲಿ ತುಂಬುವಾಗ ಈ ತಪ್ಪು ಇಷ್ಟು ದೊಡ್ಡದಾಗುವುದಿಲ್ಲ. ಒಂದೊಂದೇ ಬಕೆಟ್ ಹೋಗುತ್ತದೆ, ನಡುವೆ ಯೋಚಿಸಲು ಹೊತ್ತಿರುತ್ತದೆ. ಪಂಪು, ಪೈಪು ಬಂದಾಗ 100 ಲೀಟರ್ ತಪ್ಪು ನೀರು ಕಣ್ಣ ಮುಂದೆಯೇ ಒಳಗೆ ಹೋಗಿರುತ್ತದೆ. ಕ್ಲೋರಿನ್ ಫಿಲ್ಟರಿನ ಸ್ಪಂಜಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ತೆಗೆಯುವವೇ ಅವು. ಹಾಗಾಗಿ ಮುಂದಿನ ಎರಡು ವಾರ ಮೇವು ಕಡಿಮೆ ಮಾಡಿ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ ಉಳಿದವನ್ನು ಕಾಪಾಡಬೇಕಾಯಿತು.

ಹಾಗಂತ ಪಂಪು ಬಿಟ್ಟಿಲ್ಲ. ಸೊಂಟ ನೋವು ಹಾಗೇ ಇದೆ. ಮಾಡುವ ರೀತಿ ಮಾತ್ರ ಬದಲಾಗಿದೆ.

ಮೊದಲನೆಯದು, ನೀರು ಹೊರಗೆ ತೆಗೆಯಲು ಪಂಪೇ ಬೇಡ. ಟ್ಯಾಂಕ್ ಎತ್ತರದಲ್ಲಿದೆ, ಅಂಗಳ ತಗ್ಗಿನಲ್ಲಿದೆ. ನನ್ನನ್ನು ಕೆಡಿಸಿದ ಅದೇ ಸೈಫನ್ ಇಲ್ಲಿ ಬಿಟ್ಟಿಯಾಗಿ ಕೆಲಸ ಮಾಡುತ್ತದೆ. ಜಲ್ಲಿಯ ಮೇಲಿನ ಕೊಳೆಯನ್ನೂ ಎಳೆದುಕೊಳ್ಳುತ್ತದೆ. ಪೈಪಿನ ಬಾಯಿಗೆ ತೆಳು ಬಲೆ ಕಟ್ಟಿ, ಇಲ್ಲದಿದ್ದರೆ ಟೆಟ್ರಾದಂಥ ಸಣ್ಣ ಮೀನು ಒಳಗೆ ಹೋಗುತ್ತದೆ. ಪಂಪು ಬೇಕಾಗುವುದು ಹೊಸ ನೀರನ್ನು ಮೇಲಕ್ಕೆ ಏರಿಸಲು ಮಾತ್ರ.

ಏರಿಸುವಾಗ ಪೈಪಿನ ತುದಿ ನೀರಿಗೆ ತಾಗಬಾರದು. ತುಂಬಿದ ಮೇಲೂ ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿರುವಂತೆ ಅಂಚಿಗೆ ಕ್ಲಿಪ್ ಹಾಕುತ್ತೇನೆ. ಸದ್ದಿಗೆ ಮೀನು ಹೆದರದಿರಲಿ ಅಂತ ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ತೇಲಿಬಿಡುತ್ತೇನೆ. ನೀರು ಅದರ ಮೇಲೆ ಬಿದ್ದು ಹರಡುತ್ತದೆ. ಮುಳುಗಿಸಲೇಬೇಕು ಅನ್ನುವವರು, ತುಂಬಿದ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಟ್ಯಾಂಕಿನ ಒಳಗಿರುವ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ. ಪಂಪು ನಿಂತರೆ ಅಲ್ಲಿಂದ ಗಾಳಿ ನುಗ್ಗಿ ಹಿಮ್ಮುಖ ಹರಿವು ಕಡಿಯುತ್ತದೆ. ತೂತಿಗೆ ಪಾಚಿ ಕಟ್ಟಿಕೊಂಡಿದೆಯಾ ಅಂತ ಪ್ರತಿ ಸಲ ನೋಡಬೇಕು. ಒನ್-ವೇ ವಾಲ್ವ್ ಹಾಕಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನಾನು ಅದೊಂದನ್ನೇ ನಂಬುವುದಿಲ್ಲ. ಒಂದು ಕಾಳಿನಷ್ಟು ಕಸ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಹೀಟರಿನ ಪ್ಲಗ್ ಅನ್ನು ನೀರು ತೆಗೆಯುವ ಇಪ್ಪತ್ತು ನಿಮಿಷ ಮೊದಲೇ ಕೀಳುತ್ತೇನೆ. ಬರೀ ಸ್ವಿಚ್ ಅಲ್ಲ, ಪ್ಲಗ್. ಗಾಜು ಪೂರ್ತಿ ತಣಿಯಬೇಕು. ಟ್ಯಾಂಕ್ ತುಂಬಿ ಹೀಟರ್ ಮುಳುಗಿದ ಮೇಲೆಯೇ ವಾಪಸ್. ಹಳೇ ಪಂಪನ್ನು ಬಿಸಾಡಿ ಮೂರು ಪಿನ್ನಿನ, ಅರ್ಥಿಂಗ್ ಇರುವ, ಉದ್ದ ವೈರಿನ ಪಂಪು ತಂದೆ. ಟೇಪು ಸುತ್ತಿದ ಜಾಯಿಂಟನ್ನು ನೀರಿನ ಹತ್ತಿರ ತರಲೇಬಾರದು. ನನ್ನದು ಡ್ರಮ್ಮಿನ ಬಾಯಿಂದ ಒಂದು ಗೇಣು ಮೇಲಿತ್ತು, ಅಷ್ಟೆ. ವೈರು ಪ್ಲಗ್‌ಗೆ ಹೋಗುವ ಮುಂಚೆ ಕೆಳಕ್ಕೆ ಜೋತು, ಆಮೇಲೆ ಮೇಲೇರಬೇಕು. ಆಗ ವೈರಿನ ಮೇಲೆ ಜಾರಿ ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ. ಯಾವ ಪ್ಲಗ್ ಸಿಕ್ಕಿಸಿದ್ದರೂ ನೀರಿಗೆ ಕೈ ಹಾಕುವುದಿಲ್ಲ.

ಡ್ರಮ್ಮಿನ ನೀರಿಗೆ ಹಿಂದಿನ ದಿನವೇ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿ ಕಲಕಿ, ಬಾಯಿ ತೆರೆದಿಡುತ್ತೇನೆ. ಒಂದು ಪಾಲು ಕ್ಲೋರಿನ್‌ಗೆ ಸುಮಾರು ಏಳು ಪಾಲು ಬೇಕು. ಅಂಗಡಿಯ ಬಾಟಲಿ ತಂದರೆ ಅದರ ಮೇಲೆ ಬರೆದ ಅಳತೆ ಸಾಕು. ಗಾಬರಿಯ ದಿನಕ್ಕೆ ಅಂತ ಇನ್ನೊಂದು ಬಾಟಲಿ ಟ್ಯಾಂಕಿನ ಕೆಳಗೇ ಇದೆ. ಅದನ್ನು ಹಾಕದೆ ನಲ್ಲಿ ನೀರು ಬಿಡಬೇಡಿ ಅಂತ ಅಮ್ಮನಿಗೂ ತೋರಿಸಿಕೊಟ್ಟಿದ್ದೇನೆ. ಮೇನ್ ಎಲ್ಲಿದೆ, ಹೇಗೆ ಇಳಿಸಬೇಕು ಅಂತಲೂ ತೋರಿಸಿದೆ. ಇಷ್ಟು ವರ್ಷ ಆ ಮನೆಯಲ್ಲಿದ್ದರೂ ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಪಂಪು ಓಡುವ ಹತ್ತು ನಿಮಿಷ ಈಗ ಎಲ್ಲೂ ಹೋಗುವುದಿಲ್ಲ. ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತೇನೆ. ಅರ್ಧ ತುಂಬಿದಾಗ ಬೇಕೆಂದೇ ಒಮ್ಮೆ ಸ್ವಿಚ್ ಆರಿಸಿ, ಡ್ರಮ್ಮಿನ ನೀರನ್ನು ಒಂದು ನಿಮಿಷ ನೋಡುತ್ತೇನೆ. ಪೈಪಿನಲ್ಲಿದ್ದ ನೀರು ಮಾತ್ರ ಇಳಿದು ನಿಲ್ಲಬೇಕು. ಆಮೇಲೂ ಮಟ್ಟ ಏರುತ್ತಿದ್ದರೆ ಪೈಪಿನ ತುದಿ ಜಾರಿ ನೀರಿಗೆ ಬಿದ್ದಿದೆ ಅಂತ ಅರ್ಥ. ಹೋದ ವಾರ ಒಮ್ಮೆ ಹಾಗೇ ಜಾರಿತ್ತು. ಕ್ಲಿಪ್ ಸಡಿಲವಾಗಿತ್ತು. ಪ್ಲಗ್ ಕಿತ್ತು, ತುದಿ ಮೇಲೆತ್ತಿ, ಬೇರೆ ಕ್ಲಿಪ್ ಹಾಕಿದೆ.