ಬ್ರಿಸ್ಬೇನ್‌ನಲ್ಲಿ ನಮ್ಮ ಜಿಪಿ ಹತ್ತಿರ ಸ್ಕಿನ್ ಚೆಕ್ ಮಾಡಿಸಿದ್ದು

ಕಿವಿಯ ಮುಂದೆ ಕಡಲೆಬೇಳೆಗಿಂತ ಚಿಕ್ಕದೊಂದು ಕಪ್ಪು ಗುಳ್ಳೆ ಇತ್ತು. ಮಚ್ಚೆ ಅಂದುಕೊಂಡು ವರ್ಷದ ಮೇಲಾಯಿತು, ಸುಮ್ನೆ ಬಿಟ್ಟಿದ್ದೆ. ಶೇವ್ ಮಾಡುವಾಗ ರಕ್ತ ಬರುತ್ತಿತ್ತು, ಹಕ್ಕಳೆ ಕಟ್ಟುತ್ತಿತ್ತು, ಅದು ಉದುರಿದರೆ ಮತ್ತೆ ರಕ್ತ. ಹೆಂಡತಿ ಹಟ ಹಿಡಿದು ನಮ್ಮ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಹತ್ತಿರ ಬುಕ್ ಮಾಡಿದಳು.

ಬುಕ್ ಮಾಡುವಾಗ ‘ಸ್ಕಿನ್ ಚೆಕ್’ (ಮೈಯೆಲ್ಲಾ ಚರ್ಮದ ಪರೀಕ್ಷೆ) ಅಂತಲೇ ಹೇಳಿ, ಅರ್ಧ ಗಂಟೆ ಕೇಳಿ. ನಮಗೆ ರಿಸೆಪ್ಶನ್‌ನವರು ಮಾಮೂಲಿ 15 ನಿಮಿಷ ಕೊಟ್ಟು, ಹೋದ ಮೇಲೆ ಇನ್ನೊಂದು ದಿನ ಬನ್ನಿ ಅಂದರು. ಅರ್ಧ ದಿನದ ರಜೆ ದಂಡ. ಬಲ್ಕ್ ಬಿಲ್ಲಿಂಗ್ (ಪೂರ್ತಿ ಫೀಸು ಸರ್ಕಾರದ್ದೇ) ಕೂಡ ಇಲ್ಲ, ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೊಟ್ಟು ಉಳಿದದ್ದು ನಮ್ಮ ಕೈಯಿಂದ.

ಆದರೆ ಡಾಕ್ಟರು ನೋಡಿದ ರೀತಿಗೆ ಪೂರ್ತಿ ಅಂಕ. ಬಟ್ಟೆ ತೆಗೆಸಿ, ಕೂದಲು ಬಗೆದು ನೆತ್ತಿಯಿಂದ ಶುರು ಮಾಡಿ, ಕಿವಿಯ ಹಿಂದೆ, ಬೆನ್ನು, ಕಾಲ್ಬೆರಳ ಸಂದಿ, ಅಂಗಾಲು, ಒಂದೂ ಬಿಡಲಿಲ್ಲ. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು. ಆ ಕಲೆಯ ಮೇಲೆ ಬೆರಳಾಡಿಸಿ, ಒತ್ತಿ ನೋಡಿ, ‘ಇಲ್ಲಿ ಯಾವತ್ತಾದರೂ ಹುಣ್ಣಾಗಿ ವಾಸಿಯಾಗದೆ ಉಳಿದಿತ್ತಾ?’ ಅಂತ ಕೇಳಿದರು. ಕಪ್ಪು, ಕಂದು ಬಣ್ಣದವರಿಗೆ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ (ಚರ್ಮದ ಕ್ಯಾನ್ಸರಿನ ಒಂದು ಬಗೆ) ಬಿಸಿಲೇ ಬೀಳದ ಕಡೆ, ಹಳೇ ಸುಟ್ಟ ಗಾಯದ ಮೇಲೂ ಬರುತ್ತದಂತೆ. ನಮ್ಮವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ ನಿಜ, ಆದರೆ ‘ನಮಗೆಲ್ಲಿ ಬರುತ್ತೆ’ ಅಂತ ಕೂತು ತಡವಾಗಿ ತೋರಿಸುತ್ತೇವೆ, ಅದೇ ತೊಂದರೆ.

ಗುಳ್ಳೆಯ ಮೇಲೆ ಡರ್ಮಟೋಸ್ಕೋಪ್ ಇಟ್ಟರು, ಲೈಟ್ ಇರುವ ಪುಟ್ಟ ಭೂತಗನ್ನಡಿ ಅದು. ಫೋಟೋ ದೊಡ್ಡದು ಮಾಡಿ ತೋರಿಸಿದರು. ಅಂಚು ಮುತ್ತಿನ ಹಾಗೆ ಹೊಳೆಯುತ್ತಿತ್ತು, ಒಳಗೆ ಮರದ ಕೊಂಬೆ ಕವಲೊಡೆದಂತೆ ಸಣ್ಣ ರಕ್ತನಾಳಗಳು. ಬಿಳಿಯರಿಗೆ ಇಂಥ ಗುಳ್ಳೆ ಹೆಚ್ಚಾಗಿ ಗುಲಾಬಿ ಬಣ್ಣದಲ್ಲಿರುತ್ತದೆ, ನಮ್ಮ ಚರ್ಮದಲ್ಲಿ ಜಾಸ್ತಿ ಕಪ್ಪಗೆ ಇರುವುದರಿಂದ ಮಚ್ಚೆ ಅಂತಲೇ ಮೋಸ ಹೋಗುತ್ತೇವೆ. ಅಲ್ಲೇ ಮರಗಟ್ಟಿಸಿ ಪಂಚ್ ಬಯಾಪ್ಸಿ, ಅಂದರೆ ಪರೀಕ್ಷೆಗೆ ಚರ್ಮದ ಸಣ್ಣ ಚೂರು ತೆಗೆದರು. ವಾರದಲ್ಲಿ ರಿಪೋರ್ಟ್ ಬಂತು: ಬೇಸಲ್ ಸೆಲ್ ಕ್ಯಾನ್ಸರ್, ಚರ್ಮದ ಕ್ಯಾನ್ಸರಿನ ಇನ್ನೊಂದು ಬಗೆ. ನಿಧಾನವಾಗಿ ಬೆಳೆಯುವಂಥದ್ದು, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಇದ್ದಲ್ಲೇ ಚರ್ಮ ಕೊರೆಯುತ್ತಾ ಹೋಗುತ್ತದೆ. ಅದೇ ಡಾಕ್ಟರು ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ಈಗ ಹುಡುಕಿದರೆ ಮಾತ್ರ ಕಾಣುವ ಗೆರೆ.

ಇಲ್ಲಿ ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಚರ್ಮದ ಕ್ಯಾನ್ಸರ್ ಆಗುತ್ತದೆ. ಆದರೂ ಕರುಳಿನ ಕ್ಯಾನ್ಸರಿಗೆ ಸರ್ಕಾರವೇ ಮನೆಗೆ ಟೆಸ್ಟ್ ಕಿಟ್ ಕಳಿಸುವ ಹಾಗೆ ಚರ್ಮದ್ದಕ್ಕೆ ಯಾರೂ ಕರೆಯುವುದಿಲ್ಲ. ನಾವೇ ಹೋಗಬೇಕು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದೆಲ್ಲ ಹೇಳಿದೆ. ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿ ಸೊಂಟದಲ್ಲಿ ಆಗುವ ಹುಣ್ಣು ಕೂಡ ಅಪರೂಪಕ್ಕೆ ಕ್ಯಾನ್ಸರ್ ಆಗಿದ್ದನ್ನು ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ, ಅದಕ್ಕೇ ಸೊಂಟದಲ್ಲಿ ಏನಾದ್ರೂ ಆಗಿದೆಯಾ ಅಂತ ಕೇಳಿದೆ. ‘ಕಪ್ಪು ಗೀರು ಎಲ್ಲರಿಗೂ ಇರುತ್ತೆ ಕಣೋ’ ಅಂದರು. ಹುಣ್ಣು ಏನಾದ್ರೂ ಇದೆಯಾ ಅಂತ ಒತ್ತಾಯ ಮಾಡಿದ ಮೇಲೆ, ಬಲಗಡೆ ಒಂದು ಒಣಗುತ್ತಲೇ ಇಲ್ಲ, ಯುಗಾದಿಯಿಂದ ಇದೆ ಅಂದರು. ಸೋಮವಾರ ತಂಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಳೆ.